ಮಗುವನ್ನು ಯಾವ ಪ್ಲೇ ಸ್ಕೂಲಿಗೆ ಹಾಕಲಿ ಅಂತ ಕೇಳುವವರಿಗೆ

ಕಾಸರಗೋಡಿನಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ. ನನ್ನ ಹಾಗೆ ಇಂಥವರು ತುಂಬಾ ಮಂದಿ ಇದ್ದಾರೆ. ಬೆಳಗ್ಗಿನ ರೈಲಿನಲ್ಲಿ ಹೊಸ ಅಮ್ಮಂದಿರು ಸಿಕ್ಕಿದರೆ ಕೇಳುವುದು ಒಂದೇ. "ಅಕ್ಕ, ಮಗುವಿಗೆ ಮೂರು ತುಂಬ್ತದೆ. ಯಾವ ಪ್ಲೇ ಸ್ಕೂಲ್ ಒಳ್ಳೇದು?"

ನಾನು ಶಾಲೆಯ ಹೆಸರು ಹೇಳುವುದಿಲ್ಲ. ಮಧ್ಯಾಹ್ನದ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ಕೇಳುತ್ತೇನೆ. ಅದು ಗೊತ್ತಾದರೆ ಶಾಲೆಯ ಆಯ್ಕೆ ಅರ್ಧ ಮುಗಿದ ಹಾಗೆ.

ಲೆಕ್ಕ ನೋಡಿ. ಪ್ಲೇ ಸ್ಕೂಲ್ ಹೆಚ್ಚಾಗಿ ಮಧ್ಯಾಹ್ನಕ್ಕೇ ಬಿಡುತ್ತದೆ. ಅಂಗನವಾಡಿ ಮೂರೂವರೆಯವರೆಗೆ. ಮಂಗಳೂರು ಇಲ್ಲಿಂದ ಸುಮಾರು 50 ಕಿಲೋಮೀಟರ್. ಐದಕ್ಕೆ ಆಫೀಸು ಬಿಟ್ಟರೂ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮನೆ ಸೇರುವಾಗ ಕತ್ತಲೆ. ನಡುವಿನ ಆ ಗಂಟೆಗಳಲ್ಲಿ ಮಗು ಅಜ್ಜಿಯ ಹತ್ತಿರ ಇರುತ್ತದಾದರೆ ಅಜ್ಜಿ ನಡೆದು ಹೋಗಿ ಕರೆತರುವಷ್ಟು ಹತ್ತಿರದ ಜಾಗವೇ ಒಳ್ಳೆಯ ಜಾಗ. ಯಾರೂ ಇಲ್ಲವಾದರೆ ಡೇ ಕೇರ್ ಇರುವಲ್ಲೇ ಹುಡುಕಬೇಕು. ಕಟ್ಟಡದ ಬಣ್ಣ, ಹೆಸರಿನ ಹಿಂದಿನ 'ಇಂಟರ್‌ನ್ಯಾಷನಲ್' ಎಲ್ಲ ಆಮೇಲೆ.

ಆಫೀಸಿನ ಹತ್ತಿರವೇ ಹಾಕಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ತಂದ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನಿಯಮದ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ಮಂದಿ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು. ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರುವ ಅವಕಾಶವೂ ಉಂಟು. ನಿಮ್ಮಲ್ಲಿ ಇದೆಯಾ ಅಂತ ಖಂಡಿತ ಕೇಳಿ, ಅದು ನಿಮ್ಮ ಹಕ್ಕು. ಆದರೆ ಬೆಳಗ್ಗಿನ ರೈಲಿನ ನೂಕುನುಗ್ಗಲಿನಲ್ಲಿ ಮೂರು ವರ್ಷದ ಮಗುವನ್ನು ದಿನಾ ಎತ್ತಿಕೊಂಡು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಗಡಿಯಲ್ಲಿರುವ ನಮಗೆ ಮಾತ್ರ ಇರುವ ಇನ್ನೊಂದು ತಲೆನೋವು ರಜೆ. ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂತೆಂದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಅಂಗನವಾಡಿ, ಟ್ಯೂಷನ್, ಮದ್ರಸ, ಎಲ್ಲಕ್ಕೂ ರಜೆ. ತಲಪಾಡಿಯ ಆಚೆ ನಮ್ಮ ಆಫೀಸು ಮಾತ್ರ ಆರಾಮವಾಗಿ ತೆರೆದಿರುತ್ತದೆ. ಓಣಂಗೆ ಇಲ್ಲಿ ಶಾಲೆಗಳಿಗೆ ಉದ್ದದ ರಜೆ, ಅಲ್ಲಿ ಇಲ್ಲ. ನವೆಂಬರ್ 1ರಂದು ಉಲ್ಟಾ. ಎರಡೂ ರಾಜ್ಯಗಳು 1956ರಲ್ಲಿ ರೂಪ ಪಡೆದದ್ದು ಅದೇ ದಿನ, ಆದರೆ ರಜೆ ಕರ್ನಾಟಕದಲ್ಲಿ ಮಾತ್ರ. ನಾನು ಮನೆಯಲ್ಲಿ, ಮಗು ಶಾಲೆಯಲ್ಲಿ! ಹಾಗಾಗಿ ಸೇರಿಸುವ ಮೊದಲೇ ಒಂದು ವರ್ಷದ ರಜಾ ಪಟ್ಟಿ ಕೇಳಿ ಪಡೆಯಿರಿ. ಏಪ್ರಿಲ್, ಮೇಯಲ್ಲಿ ಏನು ವ್ಯವಸ್ಥೆ ಅಂತಲೂ ಕೇಳಿ. ಫೀಸಿಗಿಂತ ಇದು ಮುಖ್ಯ.

ಭಾಷೆಯ ಪ್ರಶ್ನೆ ಬಂದೇ ಬರುತ್ತದೆ. ಕನ್ನಡವಾ, ಮಲಯಾಳವಾ, ಇಂಗ್ಲಿಷಾ? ಮೂರು ವರ್ಷದ ಮಗುವಿಗೆ ಮಾಧ್ಯಮ ಏನೂ ಬೇಡ ಮಾರಾಯ್ರೆ. ನೀರು ಬೇಕು, ಉಚ್ಚೆ ಬಂತು, ಹೊಟ್ಟೆ ನೋಯುತ್ತದೆ ಅಂತ ಅದು ಹೇಳಿದಾಗ ಅಲ್ಲಿರುವ ಆಯಾಗೆ ಅರ್ಥವಾಗಬೇಕು, ಅಷ್ಟೆ. ನಮ್ಮ ಮನೆಯಲ್ಲಿ ತುಳು. ಊರಿನವರೇ ಆದ ಹೆಲ್ಪರ್‌ಗೆ ತುಳು, ಕನ್ನಡ, ಮಲಯಾಳ ಮೂರೂ ಬರುತ್ತದೆ. ಚಂದದ ಯೂನಿಫಾರ್ಮ್ ಹಾಕಿಸುವ ಕೆಲವು ಕಡೆ ಅಳುವ ಮಗುವಿಗೂ ಇಂಗ್ಲಿಷಿನಲ್ಲೇ ಸಮಾಧಾನ ಹೇಳುತ್ತಾರೆ. ಪಾಪ, ಅದು ಮತ್ತೂ ಜೋರಾಗಿ ಅಳುತ್ತದೆ. ಮುಂದೆ ಒಂದನೇ ಕ್ಲಾಸಿಗೆ ಕನ್ನಡ ಮಾಧ್ಯಮ ಎಂಬ ಯೋಚನೆ ಇದ್ದರೆ ಹತ್ತಿರದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಪ್ರೀ-ಪ್ರೈಮರಿ ಇದೆಯಾ ನೋಡಿ. ಹಲವು ಕಡೆ ಪಿಟಿಎಯವರೇ, ಅಂದರೆ ಪೋಷಕರು-ಅಧ್ಯಾಪಕರ ಸಂಘದವರೇ ನಡೆಸುತ್ತಾರೆ.

"ಅಂಗನವಾಡಿಯಾ? ಸಂಬಳದವರು ಅಲ್ಲಿಗೆ ಹಾಕ್ತಾರಾ?" ಅಂತ ಮೂಗು ಮುರಿಯುವವರಿಗೆ ನನ್ನ ಹತ್ತಿರ ಸಮಾಧಾನ ಕಡಿಮೆ. 1975ರಿಂದ ನಡೆಯುತ್ತಿರುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಯ ಕೇಂದ್ರಗಳವು. ತೂಕ ನೋಡುತ್ತಾರೆ, ಊಟ ಕೊಡುತ್ತಾರೆ. ಉಪ್ಪುಮಾವು ಬೇಡ, ಬಿರಿಯಾನಿ ಬೇಕು ಎಂದು ಕೇರಳದ ಒಬ್ಬ ಪುಟ್ಟ ಹುಡುಗ ಕೇಳಿದ ವಿಡಿಯೋ ಓಡಾಡಿ, 2025ರಲ್ಲಿ ಸರ್ಕಾರ ಮೊಟ್ಟೆ ಬಿರಿಯಾನಿಯನ್ನೇ ಮೆನುವಿಗೆ ಸೇರಿಸಿತು. ಗಮ್ಮತ್ತು ಅಲ್ವಾ! 'ಪಾಲನಾ' ಯೋಜನೆಯಡಿ ಅಂಗನವಾಡಿಯ ಜೊತೆಗೇ ಶಿಶುಪಾಲನೆಯೂ ಇರುವ ಕೇಂದ್ರಗಳಿವೆ, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ. ನಿಮ್ಮ ವಾರ್ಡಿನ ಮೆಂಬರನ್ನು ವಿಚಾರಿಸಿ. ಎಲ್ಲ ಅಂಗನವಾಡಿಯೂ ಚೆನ್ನಾಗಿರುವುದಿಲ್ಲ, ಒಪ್ಪಿದೆ. ಪೇಟೆಯಲ್ಲಿ ಬಾಡಿಗೆಯ ಒಂದೇ ಕೋಣೆಯಲ್ಲಿ ಇಕ್ಕಟ್ಟಿನಲ್ಲಿ ನಡೆಯುವುದೂ ಉಂಟು.

ಅದಕ್ಕೇ ಹೋಗಿ ನೋಡಬೇಕು. ಅಡ್ಮಿಶನ್ ದಿನ ಬಲೂನು ಕಟ್ಟಿರುತ್ತಾರೆ, ಆ ದಿನ ಬೇಡ. ಯಾವುದಾದರೂ ವಾರದ ದಿನ ಊಟದ ಹೊತ್ತಿಗೆ, ಹೇಳದೆ ಹೋಗಿ. ಮಕ್ಕಳು ತಟ್ಟೆಯ ಮುಂದೆ ಹೇಗೆ ಕೂತಿದ್ದಾರೆ, ನಿಧಾನವಾಗಿ ತಿನ್ನುವ ಮಗುವಿಗೆ ಏನು ಹೇಳುತ್ತಾರೆ, ಬಟ್ಟೆ ಒದ್ದೆ ಮಾಡಿಕೊಂಡ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಎಲ್ಲ ಆ ಅರ್ಧ ಗಂಟೆಯಲ್ಲಿ ಕಾಣುತ್ತದೆ. ಟಾಯ್ಲೆಟ್ ನೋಡಿ. ಗೇಟಿಗೆ ಚಿಲಕ ಇದೆಯಾ ನೋಡಿ. ಒಳಗೆ ಬರಬಾರದು ಅಂತ ಪೂರ್ತಿ ತಡೆದರೆ ನಾನಾದರೆ ಅಲ್ಲಿಂದಲೇ ವಾಪಸು ಬರುತ್ತೇನೆ.

ಮೂರು ವರ್ಷಕ್ಕೇ ಹೋಮ್‌ವರ್ಕ್ ಪುಸ್ತಕ ತೋರಿಸಿ ಹೆಮ್ಮೆ ಪಡುವಲ್ಲಿಯೂ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ, ಆಟದ ಮೂಲಕ ಕಲಿಕೆ ಎಂದಿದೆ.

ಇನ್ನು ದುಡ್ಡು. ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಕಟ್ಟಬೇಡಿ. ಮಗು ಹೊಂದಿಕೊಳ್ಳುವವರೆಗೆ ತಿಂಗಳು ತಿಂಗಳು ಕೊಡುತ್ತೇವೆ ಅನ್ನಿ. ಬಿಡಿಸಿದರೆ ಎಷ್ಟು ವಾಪಸು ಎನ್ನುವುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.