ಕೊಲೋನಿನಲ್ಲಿ ನಮ್ಮ ಚರ್ಚಿನ ದೊಡ್ಡಣ್ಣ

ಮೈಸೂರಿನಿಂದ ಯುರೋಪಿಗೆ ಹೊರಟ ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ಜನ. ಜರ್ಮನಿಯ ಕೊಲೋನ್ ತಲುಪಿದಾಗ ಶನಿವಾರ ರಾತ್ರಿ. ಭಾನುವಾರ ಬೆಳಗ್ಗೆ ಸುಮ್ನೆ ಸುತ್ತಾಡಲು ಬಿಟ್ಟಿದ್ದರು. ಅರ್ಧ ಜನ ನದಿ ನೋಡಲು ಹೋದರು. ಲೂರ್ದ್ ನಗರದ ನಮ್ಮ ಟೀಚರ್ ಮಾತ್ರ ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಸ್ವೆಟರ್ ಹಾಕಿ ಕೆಳಗಿಳಿದು ಬಂದರು.

"ಪೂಜೆಗೆ ಹೋಗ್ತೀನಿ. ಬರ್ತೀಯೇನಮ್ಮ?"

ರೈಲು ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ಕೆಥೆಡ್ರಲ್. ಹೊಗೆ, ಮಸಿ ಹಿಡಿದು ಕಪ್ಪಾದ ಕಲ್ಲು. ಮೈಸೂರಿನ ಅಶೋಕ ರಸ್ತೆಯಲ್ಲಿರುವ ನಮ್ಮ ಫಿಲೋಮಿನಾ ಚರ್ಚಿಗೆ ಇದೇ ಮಾದರಿ ಅಂತ ಶಾಲೆಯಲ್ಲಿ ಕೇಳಿದ್ದೆ, ನಂಬಿರಲಿಲ್ಲ. ಅಲ್ಲಿ ನಿಂತು ಕತ್ತೆತ್ತಿದಾಗ ಆ ಜೋಡಿ ಗೋಪುರ ನೋಡಿ ಅಶೋಕ ರಸ್ತೆ ನೆನಪಾಯಿತು.

"ಇದರ ಎತ್ತರ 157," ಅಂದೆ, ಫೋನ್ ನೋಡಿಕೊಂಡು.

"ನಮ್ಮದೇ ಜಾಸ್ತಿ ಹಾಗಾದ್ರೆ. 175!"

"ಟೀಚರ್, ನಮ್ಮದು ಅಡಿ. ಇದು ಮೀಟರ್."

ಅವರು ಒಂದು ಕ್ಷಣ ಸುಮ್ಮನಾದರು. "ನಮ್ಮದಕ್ಕೆ ನಾಲ್ವಡಿಯವರು ಕಲ್ಲು ಹಾಕಿದ್ದು 1933ರಲ್ಲಿ. ಇದು?" 1248ರಲ್ಲಿ ಶುರು, ನಡುವೆ ಮುನ್ನೂರು ವರ್ಷ ಅರ್ಧಕ್ಕೇ ನಿಂತು, 1880ರಲ್ಲಿ ಮುಗಿದದ್ದು. ಅಷ್ಟು ಹೊತ್ತು ತಗೊಂಡರೆ ಯಾರು ಬೇಕಾದ್ರೂ ಎತ್ತರ ಕಟ್ಟಬಹುದು ಅಂದರು ಟೀಚರ್.

ಪೂಜೆ ಸಮಯದಲ್ಲಿ ಪ್ರವಾಸಿಗಳು ಒಳಗೆ ಓಡಾಡುವಂತಿಲ್ಲ. ಕೆಂಪು ನಿಲುವಂಗಿಯ ಒಬ್ಬರು ಬಾಗಿಲಲ್ಲೇ ತಡೆದರು. ಟೀಚರ್ ಕೊರಳಿನ ಜಪಸರ ತೋರಿಸಿದರು. ಅವರು ನಕ್ಕು ಇಬ್ಬರನ್ನೂ ಒಳಗೆ ಬಿಟ್ಟರು. ನಾನು ಅವರ ಸೆರಗಿನ ಮರೆಯಲ್ಲಿ ನುಸುಳಿದೆ ಅಂದರೂ ತಪ್ಪಿಲ್ಲ.

ಭಾಷೆ ಒಂದಕ್ಷರ ತಿಳಿಯಲಿಲ್ಲ. ಟೀಚರಿಗೂ ಜರ್ಮನ್ ಬಾರದು. ಆದರೆ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಅಂತ ಅವರಿಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಎಲ್ಲರೂ ಜರ್ಮನ್‌ನಲ್ಲಿ ಪ್ರಾರ್ಥನೆ ಹೇಳುವಾಗ ಅವರು ಪಕ್ಕದಲ್ಲಿ ಮೆಲ್ಲಗೆ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದರು. ಜೊತೆಗೇ ಮುಗಿಸಿದರು ಕೂಡ. ಶಾಂತಿ ಹೇಳಿಕೊಳ್ಳುವ ಹೊತ್ತಿಗೆ ಮುಂದಿನ ಬೆಂಚಿನ ಅಜ್ಜ ತಿರುಗಿ ಕೈ ಚಾಚಿದರು. ನಾನು ಅಭ್ಯಾಸಬಲದಿಂದ ಕೈ ಮುಗಿದುಬಿಟ್ಟೆ. ಅವರೂ ಚಾಚಿದ ಕೈ ಹಿಂದೆಳೆದು ಕೈ ಮುಗಿದರು! ಪರಮಪ್ರಸಾದಕ್ಕೆ, ಅಂದರೆ ಕ್ಯಾಥೊಲಿಕರು ಮಾತ್ರ ಸ್ವೀಕರಿಸುವ ಪವಿತ್ರ ರೊಟ್ಟಿಗೆ, ಸಾಲು ಹೊರಟಾಗ ಟೀಚರ್, "ನೀನಿಲ್ಲೇ ಕೂತಿರು, ಬ್ಯಾಗ್ ನೋಡ್ಕೋ" ಅಂದರು. ಬೇಡ ಅನ್ನೋದನ್ನು ಹೀಗೂ ಹೇಳಬಹುದು.

ಅವರು ಬರುವವರೆಗೂ ಒಂದು ಕಿಟಕಿಯನ್ನೇ ನೋಡುತ್ತಿದ್ದೆ. ಸಂತರ ಚಿತ್ರವಿಲ್ಲ, ಕಥೆಯಿಲ್ಲ. ಬರೀ ಬಣ್ಣದ ಗಾಜಿನ ಚೌಕಗಳು. ಜರ್ಮನ್ ಕಲಾವಿದ ಗೆರ್ಹಾರ್ಡ್ ರಿಕ್ಟರ್ ಮಾಡಿದ್ದು, 2007ರದು. ಬಿಸಿಲು ಬಂದಾಗ ಅದರ ಬಣ್ಣವೆಲ್ಲ ಕಂಬದ ಮೇಲೆ ಚೆಲ್ಲಿತು. ಬಲಿಪೀಠದ ಹಿಂದೆ ಚಿನ್ನದ ದೊಡ್ಡ ಪೆಟ್ಟಿಗೆ. "ಕ್ರಿಸ್‌ಮಸ್ ಗೋದಲಿಯಲ್ಲಿ ಮೂವರು ರಾಜರನ್ನು ಇಡ್ತೀವಲ್ಲ, ಅವರ ಮೂಳೆ ಇದರಲ್ಲಿದೆ ಅಂತ ನಂಬಿಕೆ," ಎಂದು ವಾಪಸ್ ಬಂದ ಟೀಚರ್ ಪಿಸುಗುಟ್ಟಿದರು.

ಹೊರಗೆ ಬಂದಮೇಲೆ ಕೇಳಿದರು: "ನಮ್ಮ ಚರ್ಚಲ್ಲಿ ಪೂಜೆ ನೋಡಿದ್ದೀಯಾ?"

ಇಲ್ಲ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿದ್ದೇನೆ. ನೆಲಮಾಳಿಗೆಯ ಫಿಲೋಮಿನಾ ಪ್ರತಿಮೆ ತೋರಿಸಿ, ಹೊರಗೆ ಫೋಟೋ ತೆಗೆದು, ಪಾನಿಪುರಿ ತಿಂದು ಬಂದಿದ್ದೇನೆ. ಅಷ್ಟೇ.

ಊರಿಗೆ ಮರಳಿದ ಮೊದಲ ಭಾನುವಾರ ಹೋದೆ. ತಡವಾಗಿತ್ತು, ಒಳಗೆ ಕಾಲಿಡಲು ಜಾಗವಿಲ್ಲ. ಟೀಚರ್ ಬೆಂಚಿನ ತುದಿಯಲ್ಲಿ ಕರವಸ್ತ್ರ ಹಾಸಿ ನನಗೆ ಜಾಗ ಹಿಡಿದಿದ್ದರು.