ತಾರೀಖಿಗೆ ಬಾಲ ಬೇಕಾ, ಬೇಡ್ವಾ?

ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಒಂದು ಪ್ರಿಂಟಿಂಗ್ ಅಂಗಡಿ ಇದೆ. ಅಲ್ಲಿಗೆ ನಾನು ಪ್ರೂಫ್ ನೋಡಿಕೊಡುತ್ತೇನೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾಗದ, ನಡುನಡುವೆ ಯಾರದೋ ಬಯೋಡೇಟಾ. ಕನ್ನಡದ ಭಾಗವನ್ನು ಮನೆಯ ಹಿರಿಯರು ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ನೋಡುತ್ತಾರೆ. ಇಂಗ್ಲಿಷ್ ಭಾಗ ಬಂದ ತಕ್ಷಣ ಕಾಗದವನ್ನು ನನ್ನ ಕಡೆ ತಳ್ಳುತ್ತಾರೆ. ತಳ್ಳುತ್ತಾ ಒಂದು ಪ್ರಶ್ನೆ ಕೇಳುತ್ತಾರೆ. ವಾರಕ್ಕೆ ನಾಲ್ಕು ಸಲವಾದರೂ ಕೇಳಿಸಿಕೊಳ್ಳುತ್ತೇನೆ.

"ಸಾರ್, 23ರ ಪಕ್ಕ ಟಿಎಚ್ ಹಾಕ್ಬೇಕಾ, ಬೇಡ್ವಾ?"

ಪ್ರಶ್ನೆಯಲ್ಲೇ ಒಂದು ತಪ್ಪಿದೆ, ನೋಡಿದ್ರಾ? 23ಕ್ಕೆ ಬರುವುದು ಟಿಎಚ್ ಅಲ್ಲ, ಆರ್‌ಡಿ. ಅಂಕಿಯ ಪಕ್ಕ ಅಂಟಿಸುವ ಈ ಇಂಗ್ಲಿಷ್ ಅಕ್ಷರಗಳನ್ನೇ ನಾನು ಬಾಲ ಅನ್ನುವುದು. ಯಾವ ಬಾಲ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೇಕಾ ಬೇಡ್ವಾ ಅನ್ನೋದು.

ನನ್ನ ಉತ್ತರ ಇದು. ಕನ್ನಡದಲ್ಲಿ ಹೇಗೆ ಬರೀತೀರೋ ಹಾಗೇ ಬರೀರಿ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. "ಆಗಸ್ಟ್ 15ರಂದು" ಅಂತ ಬರೆಯುವಾಗ 15ರ ಪಕ್ಕ 'ನೇ' ಹಾಕುತ್ತೀರಾ? ಇಲ್ಲ. "15ನೇ ತಾರೀಖು" ಅಂತ ಬರೆಯುವಾಗ? ಹಾಕಲೇಬೇಕು, ಇಲ್ಲದಿದ್ದರೆ ಓದಲಿಕ್ಕೇ ಆಗುವುದಿಲ್ಲ. ಇಂಗ್ಲಿಷ್‌ನಲ್ಲೂ ಇಷ್ಟೇ. ಪಕ್ಕದಲ್ಲಿ ತಿಂಗಳ ಹೆಸರಿದ್ದರೆ ಬರೀ ಅಂಕಿ ಸಾಕು. 15 ಆಗಸ್ಟ್ 1947 ಅಂತ ಬ್ರಿಟಿಷರ ರೀತಿಯಲ್ಲಿ ಬರೆದರೂ ಸರಿ, ಆಗಸ್ಟ್ 15, 1947 ಅಂತ ಅಮೆರಿಕದವರ ಹಾಗೆ ನಡುವೆ ಅಲ್ಪವಿರಾಮ ಕೊಟ್ಟು ಬರೆದರೂ ಸರಿ, ಬಾಲ ಬೇಡ. ತಿಂಗಳ ಹೆಸರಿಲ್ಲದೆ ಒಂಟಿಯಾಗಿ "ಆನ್ ದಿ ಫಿಫ್ಟೀನ್ತ್" ಅಂತ ಬಂದರೆ, ಇಲ್ಲವೇ ನಡುವೆ 'ಆಫ್' ಸೇರಿಸಿ "ಫಿಫ್ಟೀನ್ತ್ ಆಫ್ ಆಗಸ್ಟ್" ಅಂತ ಬಂದರೆ, ಅಥವಾ 'ಡೇ' ಅನ್ನೋ ಪದ ಹಿಂದೆಯೇ ಬಂದರೆ ಬಾಲ ಬೇಕು. ಓದುವಾಗ ಬಾಯಲ್ಲಿ ಎಲ್ಲ ಕಡೆಯೂ "ಫಿಫ್ಟೀನ್ತ್" ಅಂತಲೇ ಬರುತ್ತೆ. ಗೊಂದಲ ಶುರುವಾಗುವುದೇ ಅಲ್ಲಿ. ಬಾಯಲ್ಲಿ ಬಂದದ್ದೆಲ್ಲ ಕಾಗದದ ಮೇಲೂ ಇರಬೇಕು ಅಂದುಕೊಂಡುಬಿಡುತ್ತೇವೆ.

ಅಮೆರಿಕದ ಎಪಿ ಸುದ್ದಿಸಂಸ್ಥೆಗೆ ತನ್ನದೇ ಬರವಣಿಗೆಯ ನಿಯಮಗಳಿವೆ, ಅಲ್ಲಿನ ಎಷ್ಟೋ ಪತ್ರಿಕೆಗಳು ಅದನ್ನೇ ಅನುಸರಿಸುತ್ತವೆ. ಅದರಲ್ಲೂ ತಾರೀಖಿಗೆ ಬರೀ ಅಂಕಿ, ಬಾಲ ಇಲ್ಲ ಅಂತ ಖಡಾಖಂಡಿತವಾಗಿ ಇದೆ. ಹಾಗಂತ ಮದುವೆ ಕಾರ್ಡಿನಲ್ಲಿ ಬಾಲ ಹಾಕಿದರೆ ಯಾರೂ ಜೈಲಿಗೆ ಹಾಕುವುದಿಲ್ಲ. ನಮ್ಮ ದೇಶದಲ್ಲಿ ಅದು ರೂಢಿ. ಆದರೆ ಒಂದೇ ಕಾರ್ಡಿನಲ್ಲಿ ಮುಹೂರ್ತದ ತಾರೀಖಿಗೆ ಬಾಲ ಇದ್ದು ಆರತಕ್ಷತೆಯ ತಾರೀಖಿಗೆ ಇಲ್ಲದಿದ್ದರೆ ನನಗೆ ಕೈ ಕೆರೆಯುತ್ತೆ.

ಕ್ರಯಪತ್ರ ಓದಿದವರಿಗೆ ಈ 'ಡೇ' ವಿಷಯ ಚೆನ್ನಾಗಿ ಗೊತ್ತಿರುತ್ತೆ. ಇಂಗ್ಲಿಷ್ ಪತ್ರ "ಆನ್ ದಿಸ್ ದಿ ಟ್ವೆಂಟಿ-ಥರ್ಡ್ ಡೇ ಆಫ್ ಜೂನ್" ಅಂತ ಶುರುವಾಗುತ್ತೆ. ಕನ್ನಡದ ಪತ್ರದಲ್ಲೂ "ಜೂನ್ ಮಾಹೆ 23ನೇ ತಾರೀಖಿನಲ್ಲಿ" ಅಂತಲೇ ಇರುತ್ತೆ. ಎರಡೂ ಕಡೆ ಬಾಲ ಉಂಟು. ಒಂದೇ ಒಂದು ಕಡೆ ನನ್ನ ಸೂತ್ರ ಕೈ ಕೊಡುತ್ತೆ, ಅದು ಇಸವಿ. ನಾವು 2024ನೇ ಇಸವಿ ಅನ್ನುತ್ತೇವೆ, ಇಂಗ್ಲಿಷ್‌ನವರು ಇಸವಿಗೆ ಎಂದೂ ಬಾಲ ಕಟ್ಟುವುದಿಲ್ಲ. ಒಬ್ಬ ಹುಡುಗನ ಬಯೋಡೇಟಾದಲ್ಲಿ "2019ಟಿಎಚ್ ಇಯರ್" ಪಾಸಾದೆ ಅಂತ ಇತ್ತು. ಅದನ್ನು ನೋಡಿದ ಕೂಡಲೇ ಈತ ಕನ್ನಡದಲ್ಲಿ ಯೋಚಿಸಿ ಬರೆದಿದ್ದಾನೆ ಅಂತ ಗೊತ್ತಾಯಿತು. ತಿದ್ದಿದೆ, ಆದರೆ ಸ್ವಲ್ಪ ಪ್ರೀತಿಯೂ ಬಂತು.

ಈಗ ಯಾವ ಬಾಲ ಅನ್ನೋದಕ್ಕೆ ಬರೋಣ. ಇದರಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಒಂದು ಮದುವೆ ಕಾರ್ಡಿನಲ್ಲಿ 22ರ ಪಕ್ಕ ಟಿಎಚ್ ಇತ್ತು. ನಾನು ನೋಡಿದೆ, ಮಾವಂದಿರ ಹೆಸರು ನೋಡಿದೆ, ಕಲ್ಯಾಣ ಮಂಟಪದ ವಿಳಾಸ ನೋಡಿದೆ, ಸಹಿ ಹಾಕಿದೆ. 400 ಕಾರ್ಡು ಅಚ್ಚಾಯಿತು. ಹುಡುಗಿಯ ತಂದೆ ಬಂದರು, ಕಾರ್ಡು ಕೈಗೆ ತಗೊಂಡರು, ಹೆಬ್ಬೆರಳನ್ನು ಸರಿಯಾಗಿ ಆ ಟಿಎಚ್ ಕೆಳಗೆ ಇಟ್ಟು ಸುಮ್ಮನೆ ನನ್ನನ್ನೇ ನೋಡಿದರು. ಒಂದು ಮಾತೂ ಆಡಲಿಲ್ಲ. ಹೊರಗಿನ ಕವಚ ಉಳಿಯಿತು, ಒಳಗಿನ ಹಾಳೆಯನ್ನು ಮತ್ತೆ ಅಚ್ಚು ಹಾಕಿದೆವು. ರಾತ್ರಿ ಹತ್ತರವರೆಗೆ ಕೂತು ಹಳೇ ಹಾಳೆ ಕಿತ್ತು ಹೊಸದನ್ನು ದಾರದಿಂದ ಕಟ್ಟಿದ್ದು ನಾನೇ. ಅವತ್ತಿನಿಂದ ಅಂಕಿಯನ್ನು ಕಣ್ಣಲ್ಲಿ ಓದುವುದು ಬಿಟ್ಟೆ, ಬಾಯಲ್ಲಿ ಓದುತ್ತೇನೆ.

ಗುಟ್ಟು ಇರುವುದೂ ಅಲ್ಲೇ. ಈ ಬಾಲ ಅಂದರೆ ಬೇರೇನೂ ಅಲ್ಲ, ಆ ಪದದ ಕೊನೆಯ ಎರಡು ಅಕ್ಷರ. ಫಸ್ಟ್ ಬರೆದಾಗ ಕೊನೆಗೆ ಎಸ್, ಟಿ. ಸೆಕೆಂಡ್‌ಗೆ ಎನ್, ಡಿ. ಥರ್ಡ್‌ಗೆ ಆರ್, ಡಿ. ಫೋರ್ತ್‌ನಿಂದ ಮುಂದಕ್ಕೆ ಟಿಎಚ್. 22 ಅಂದರೆ ಟ್ವೆಂಟಿ-ಸೆಕೆಂಡ್, ಹಾಗಾಗಿ ಎನ್‌ಡಿ. 31 ಅಂದರೆ ಥರ್ಟಿ-ಫಸ್ಟ್, ಎಸ್‌ಟಿ. 101ಕ್ಕೂ ಎಸ್‌ಟಿ. ಹಾಗಾದರೆ 11, 12, 13ಕ್ಕೆ ಯಾಕೆ ಟಿಎಚ್ ಅಂತ ಮಕ್ಕಳು ಕೇಳುತ್ತಾರೆ. ಬಾಯಲ್ಲಿ ಹೇಳಿ ನೋಡಿ. ಇಲೆವೆನ್ತ್ ಅನ್ನುತ್ತೇವೆ, ಟೆನ್-ಫಸ್ಟ್ ಅನ್ನುವುದಿಲ್ಲ. ನಮಗೆ ಹನ್ನೊಂದು ಅಂದಾಗ ಒಳಗೆ ಒಂದು ಕೂತಿರುವುದು ಕಿವಿಗೆ ಬೀಳುತ್ತೆ. ಇಂಗ್ಲಿಷ್‌ನ ಇಲೆವೆನ್‌ನಲ್ಲಿ ಆ ಒಂದು ಸವೆದುಹೋಗಿದೆ. ಹತ್ತು ಎಣಿಸಿದ ಮೇಲೆ ಒಂದು ಉಳಿಯಿತು ಅನ್ನೋ ಅರ್ಥದ ಹಳೇ ಪದ ಅದು, ಟ್ವೆಲ್ವ್ ಅಂದರೆ ಎರಡು ಉಳಿಯಿತು. 111, 112, 113ಕ್ಕೂ ಇದೇ ಕಾರಣಕ್ಕೆ ಟಿಎಚ್.

ನಮ್ಮ 'ನೇ' ಎಷ್ಟು ಸಲೀಸು ನೋಡಿ. ಯಾವ ಅಂಕಿಗೆ ಬೇಕಾದರೂ ಅಂಟಿಸಬಹುದು. ವ್ಯಾಕರಣದ ಮೇಷ್ಟ್ರು 'ನೆಯ' ಅನ್ನಬೇಕು ಅಂತಾರೆ, ಇರಲಿ. ನಮ್ಮಲ್ಲೂ ಒಂದು ಕಡೆ ಲೆಕ್ಕ ತಪ್ಪುತ್ತೆ. ಒಂದನೇ ಅನ್ನೋದಕ್ಕಿಂತ ಮೊದಲನೇ ಅನ್ನೋದೇ ಜಾಸ್ತಿ. ಮೊದಲು ಅನ್ನೋ ಪದಕ್ಕೂ ಒಂದು ಅನ್ನೋ ಪದಕ್ಕೂ ಸಂಬಂಧ ಇಲ್ಲ. ಹಾಗೇ ಇಂಗ್ಲಿಷ್‌ನ ಫಸ್ಟ್‌ಗೂ ಒನ್‌ಗೂ ಸಂಬಂಧ ಇಲ್ಲ, ಫಸ್ಟ್ ಅಂದರೆ ಎಲ್ಲರಿಗಿಂತ ಮುಂದೆ ಇರುವುದು ಅಂತ.

ಸೆಕೆಂಡ್ ಕಥೆ ಇನ್ನೂ ಚೆನ್ನಾಗಿದೆ. ಅದು ಇಂಗ್ಲಿಷ್ ಪದವೇ ಅಲ್ಲ. ಲ್ಯಾಟಿನ್‌ನಿಂದ ಫ್ರೆಂಚ್ ದಾರಿ ಹಿಡಿದು ಬಂದದ್ದು, ಹಿಂಬಾಲಿಸುವುದು ಅಂತ ಅರ್ಥ. ಅದಕ್ಕೂ ಮುಂಚೆ ಎರಡನೇ ಅನ್ನೋದಕ್ಕೆ ಇಂಗ್ಲಿಷ್‌ನವರು ಬಳಸುತ್ತಿದ್ದ ಪದ 'ಅದರ್'. ಈಗಲೂ "ಎವ್ರಿ ಅದರ್ ಡೇ" ಅಂದರೆ ದಿನ ಬಿಟ್ಟು ದಿನ, ಅಲ್ವಾ? ಅಲ್ಲಿ ಆ ಹಳೇ ಎರಡನೇ ಇನ್ನೂ ಉಳಿದುಕೊಂಡಿದೆ. ಗಡಿಯಾರದ ಸೆಕೆಂಡು ಕೂಡ ಇದೇ ಸೆಕೆಂಡು. ಗಂಟೆಯನ್ನು ಮೊದಲ ಸಲ ಸಣ್ಣದಾಗಿ ಭಾಗ ಮಾಡಿದರೆ ನಿಮಿಷ, ಎರಡನೇ ಸಲ ಸಣ್ಣದಾಗಿ ಭಾಗ ಮಾಡಿದರೆ ಸೆಕೆಂಡು. "ಒಂದ್ ಸೆಕೆಂಡ್ ಸಾರ್" ಅಂತ ಆಟೋದವರು ಹೇಳುವಾಗ "ಒಂದು ಎರಡನೆಯದು" ಅಂತ ಹೇಳಿದ ಹಾಗಾಯಿತು.

ಅಕ್ಷರದಲ್ಲಿ ಬರೆಯುವಾಗ ಕಾಗುಣಿತದ ಕಾಟ ಬೇರೆ. ನಾನು ಜಾಸ್ತಿ ತಿದ್ದುವುದು ನಾಲ್ಕೈದು ಪದ. ಏಟ್ತ್‌ನಲ್ಲಿ ಟಿ ಒಂದೇ, ಏಟ್‌ಗೆ ಬರೀ ಒಂದು ಎಚ್ ಸೇರಿಸಿದರೆ ಮುಗೀತು. ನೈನ್ತ್‌ನಲ್ಲಿ ಇ ಹೋಗುತ್ತೆ, ಆದರೆ ನೈಂಟಿಯೆತ್‌ನಲ್ಲಿ ವಾಪಸ್ ಬರುತ್ತೆ. ಫೋರ್ತ್‌ನಲ್ಲಿ ಯು ಇದೆ, ಫಾರ್ಟಿಯೆತ್‌ನಲ್ಲಿ ಇಲ್ಲ. ಟ್ವೆಲ್ಫ್ತ್ ಅಂತೂ ಬೆಂಗಳೂರಿನಲ್ಲಿ ಯಾರ ಬಾಯಲ್ಲೂ ಪೂರ್ತಿ ಬರುವುದಿಲ್ಲ. ಎಲ್ಲರೂ "ಟ್ವೆಲ್ತ್" ಅನ್ನುತ್ತೇವೆ, ನಾನೂ ಅಷ್ಟೇ. ಅದಕ್ಕೇ ಬರೆಯುವಾಗ ಎಫ್ ಮರೆತುಹೋಗುತ್ತೆ. ಇದೊಂದು ಕಡೆ ಬಾಯನ್ನು ನಂಬಬೇಡಿ.

ಇನ್ನು ನಮ್ಮ ಊರಿನ ವಿಶೇಷ ರೋಗ. ಸೆಕೆಂಡ್ ಪಿಯುಸಿಯನ್ನು ನಾವು ರೋಮನ್ ಅಂಕಿಯಲ್ಲಿ ಬರೆದು ಅಭ್ಯಾಸ, ಎರಡು ಗೀಟು ಎಳೆದು ಪಕ್ಕದಲ್ಲಿ ಪಿಯುಸಿ. ಅದನ್ನು ಸೆಕೆಂಡ್ ಅಂತಲೇ ಓದುತ್ತೇವೆ, ಯಾರಿಗೂ ತೊಂದರೆ ಇಲ್ಲ. ಆದರೆ ಕೆಲವರು ಎರಡು ಗೀಟೂ ಎಳೆದು ಅದರ ಮೇಲೆ ಎನ್‌ಡಿಯನ್ನೂ ಹಾಕುತ್ತಾರೆ. ಅಂಗಡಿ ಬೋರ್ಡುಗಳಲ್ಲಿ ಒಂದು ಗೀಟು ಎಳೆದು ಎಸ್‌ಟಿ ಬರೆದು ಪಕ್ಕಕ್ಕೆ ಫ್ಲೋರ್. ಶರ್ಟಿನ ಮೇಲೆ ಶರ್ಟು ಹಾಕಿದ ಹಾಗೆ. ರಾಜರ ಹೆಸರನ್ನೇ ನೋಡಿ. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಕೊನೆಗೆ ರೋಮನ್ ನಾಲ್ಕು ಅಷ್ಟೇ ಬರುತ್ತೆ. ಬಾಯಲ್ಲಿ "ದಿ ಫೋರ್ತ್" ಅಂತ ಓದಬೇಕು, ಕಾಗದದಲ್ಲಿ ಟಿಎಚ್ಚೂ ಇಲ್ಲ, 'ದಿ'ಯೂ ಇಲ್ಲ. ಕನ್ನಡದಲ್ಲಿ ರಾಜರಿಗೆ 'ನೇ' ಕೂಡ ಸಾಲದು ಅಂತ ಬೇರೆಯದೇ ಪದ ಇಟ್ಟಿದ್ದೇವೆ. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ. ಈ ಸೊಗಸಿನ ಮುಂದೆ ಇಂಗ್ಲಿಷ್‌ನವರ ಗೀಟು ಏನೂ ಅಲ್ಲ ಅಂತ ನನ್ನ ಅಭಿಪ್ರಾಯ.

ವಿಳಾಸದಲ್ಲಿ ಮಾತ್ರ ಬಾಲ ಕಿತ್ತುಹಾಕಬೇಡಿ. ಈ ಊರು ನಿಂತಿರುವುದೇ ಬಾಲದ ಮೇಲೆ. ಜಯನಗರ ಫೋರ್ತ್ ಬ್ಲಾಕ್, ಮಲ್ಲೇಶ್ವರ ಏಟೀನ್ತ್ ಕ್ರಾಸ್, ಬನಶಂಕರಿ ಸೆಕೆಂಡ್ ಸ್ಟೇಜ್. ಇವು ಲೆಕ್ಕ ಅಲ್ಲ, ಹೆಸರು. ಹೆಸರಾದ್ದರಿಂದ 'ದಿ' ಬೇಡ, ಅಂಕಿಯಲ್ಲೇ ಬರೆಯಿರಿ. ಅಂಕಿ ಹೆಸರಿನ ಹಿಂದೆ ಹೋದರೆ ಬಾಲ ತಾನಾಗಿ ಬಿದ್ದುಹೋಗುತ್ತೆ. ನಾವು 8ನೇ ಪ್ಲಾಟ್‌ಫಾರಂ ಅನ್ನುತ್ತೇವೆ, ಇಂಗ್ಲಿಷ್‌ನಲ್ಲಿ ಪ್ಲಾಟ್‌ಫಾರಂ 8. ಥರ್ಡ್ ಚಾಪ್ಟರ್ ಅನ್ನಿ, ಇಲ್ಲವೇ ಚಾಪ್ಟರ್ 3 ಅನ್ನಿ. ಮಹಾಯುದ್ಧಕ್ಕೂ ಅದೇ. ಸೆಕೆಂಡ್ ವರ್ಲ್ಡ್ ವಾರ್ ಅಂದರೆ ಮುಂದೆ 'ದಿ' ಸೇರಿಸಬೇಕು, ವರ್ಲ್ಡ್ ವಾರ್ ಟು ಅಂದರೆ ಬೇಡ.

ಫಸ್ಟ್ ಫ್ಲೋರ್ ವಿಷಯ ಎರಡೇ ಮಾತಲ್ಲಿ. ನಮಗೂ ಬ್ರಿಟಿಷರಿಗೂ ಅದು ಒಂದು ಮೆಟ್ಟಿಲುಸಾಲು ಹತ್ತಿದ ಮೇಲಿನದು, ಅಮೆರಿಕದವರಿಗೆ ಅದು ನೆಲದ ಮಟ್ಟದಲ್ಲೇ ಇರುವುದು. ಅಮೆರಿಕದ ನೆಂಟರಿಗೆ ಇಂಗ್ಲಿಷ್‌ನಲ್ಲಿ ಕಾರ್ಡು ಕಳಿಸುವವರು ಛತ್ರ ಯಾವ ಮಹಡಿಯಲ್ಲಿದೆ ಅಂತ ಬಿಡಿಸಿ ಬರೆಯುವುದು ಒಳ್ಳೆಯದು.

ಫಸ್ಟ್ಲಿ, ಸೆಕೆಂಡ್ಲಿ ಬರೆಯಬಹುದಾ ಅಂತಲೂ ಕೇಳುತ್ತಾರೆ. ಬರೆಯಬಹುದು. ನನಗೆ ಫಸ್ಟ್, ಸೆಕೆಂಡ್, ಥರ್ಡ್ ಅಂತ ನೇರವಾಗಿ ಬರೆದರೆ ಇಷ್ಟ, ಏಕೆಂದರೆ ಸಿಕ್ಸ್ತ್‌ಲಿ, ಸೆವೆನ್ತ್‌ಲಿ ತಲುಪುವ ಹೊತ್ತಿಗೆ ನಾಲಿಗೆ ಸುತ್ತಿಕೊಳ್ಳುತ್ತೆ.

ಇದೆಲ್ಲ ಹೇಳಿ ಮುಗಿಸಿದ ಮೇಲೆ ಒಬ್ಬರಾದರೂ ತಿರುಗಿ ಒಂದು ಪ್ರಶ್ನೆ ಎಸೆಯುತ್ತಾರೆ: "ಸರಿ ಸಾರ್, ಎಷ್ಟನೇ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಏನು?" ನೀವು ನಿಮ್ಮಪ್ಪನಿಗೆ ಎಷ್ಟನೇ ಮಗ, ಇದು ಎಷ್ಟನೇ ದೋಸೆ. ನಾವು ಸಲೀಸಾಗಿ ಕೇಳುವ ಇದನ್ನು ಇಂಗ್ಲಿಷ್‌ನವರು ಒಂದೇ ಪದದಲ್ಲಿ ಕೇಳಲಾರರು. ಸುತ್ತಿ ಬಳಸಿ ಕೇಳುತ್ತಾರೆ: ನಿನಗಿಂತ ಮುಂಚೆ ಎಷ್ಟು ಜನ ಹುಟ್ಟಿದ್ದರು, ಈಗಾಗಲೇ ಎಷ್ಟು ದೋಸೆ ತಿಂದೆ ಅಂತ. ಫಸ್ಟ್, ಸೆಕೆಂಡ್, ಥರ್ಡ್ ಅಂತ ಉತ್ತರಕ್ಕೆ ಬೇಕಾದ ಪದ ಎಲ್ಲ ಅವರ ಹತ್ತಿರ ಇವೆ, ಪ್ರಶ್ನೆಗೆ ಬೇಕಾದ ಪದವೇ ಇಲ್ಲ. ಇದನ್ನು ಹೇಳಿದಾಗ ಗಿರಾಕಿಗಳ ಮುಖದಲ್ಲಿ ಬರುವ ಖುಷಿ ನೋಡಬೇಕು.

ಮೊನ್ನೆ ಒಬ್ಬರು ನಾಮಕರಣದ ಕಾರ್ಡು ತಂದಿದ್ದರು. ಮೊದಲನೇ ಮೊಮ್ಮಗಳು. ಅದೇ ಪ್ರಶ್ನೆ, ನನ್ನದು ಅದೇ ಉತ್ತರ, 'ಆಗಸ್ಟ್ 15ರಂದು' ಉದಾಹರಣೆ ಸಮೇತ. ಅವರು ತಲೆಯಾಡಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀವು ಹೇಳೋದು ಸರಿ ಸಾರ್, ಆದ್ರೆ ಬಾಲ ಇದ್ರೇನೇ ಒಂದು ಗತ್ತು, ಹಾಕಿಬಿಡಿ" ಅಂದರು. ಹಾಕಿದೆ. ಮೈಕ್ರೋಸಾಫ್ಟ್ ವರ್ಡ್ ತನ್ನ ಪಾಡಿಗೆ ತಾನು ಅದನ್ನು ಚಿಕ್ಕದು ಮಾಡಿ ಅಂಕಿಯ ತಲೆ ಮೇಲೆ ಏರಿಸಿತು. ಕಂಟ್ರೋಲ್ ಝಡ್ ಒತ್ತಿ ಕೆಳಗಿಳಿಸಿದೆ. ಅವರು ಹಿಂದಿನಿಂದ ಇಣುಕಿ ನೋಡುತ್ತಿದ್ದರು. "ಮೇಲೇ ಇರ್ಲಿ ಬಿಡಿ, ಚೆನ್ನಾಗಿ ಕಾಣ್ಸುತ್ತೆ" ಅಂದರು.