ದಿನಾ ಮುದ್ದೆ ಹಾಕಿದರೂ ನಾಯಿಯ ಕೂದಲು ಯಾಕೆ ಉದುರುತ್ತೆ?

‘ಎರಡು ಹೊತ್ತೂ ಮುದ್ದೆ, ಹಾಲು ಹಾಕ್ತೀವಿ ಸಾರ್. ಆದರೂ ಕೂದಲು ಉದುರುತ್ತೆ, ಮೈಯೆಲ್ಲ ಹೊಟ್ಟು. ಯಾವ ಎಣ್ಣೆ ಹಚ್ಚಬೇಕು?’ ಕೋಲಾರ, ಚಿಂತಾಮಣಿ ಕಡೆಯವರು ಕೇಳುವುದು ಹೆಚ್ಚುಕಡಿಮೆ ಇದನ್ನೇ.

ಎಣ್ಣೆ ಮೈಗೆ ಬೇಡ, ತಟ್ಟೆಗೆ ಹಾಕಿ. ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕುತ್ತದೆ. ಕಜ್ಜಿಗೆಂದು ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಬಳಿಯುವುದಂತೂ ವಿಷ ಉಣಿಸಿದ ಹಾಗೆ.

ಕೂದಲು ಬಹುಪಾಲು ಪ್ರೋಟೀನೇ. ನಾಯಿಗೆ ದಿನಕ್ಕೆ ಬೇಕಾದ ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗ ಚರ್ಮ, ಕೂದಲಿಗೇ ಹೋಗುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ ಪ್ರೋಟೀನ್, 2 ಗ್ರಾಂಗಿಂತ ಕಡಿಮೆ ಕೊಬ್ಬು. ಹೊಟ್ಟೆ ತುಂಬುತ್ತದೆ, ಚರ್ಮಕ್ಕೆ ಸಾಲದು.

ಇನ್ನೊಂದು ತೊಡಕು ಚರ್ಮಕ್ಕೆ ಬೇಕಾದ ಸತುವಿನದು (ಜಿಂಕ್). ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕರುಳಿನಲ್ಲಿ ಸತುವನ್ನು ಹಿಡಿದುಕೊಂಡು ಮೈಗೆ ಸೇರದಂತೆ ಮಾಡುತ್ತದೆ. ಮೇಲಿಂದ ಕ್ಯಾಲ್ಸಿಯಂ ಸಿರಪ್ ಸುರಿದರೆ ಇನ್ನೂ ಕಷ್ಟ. ಬೇಗ ಬೆಳೆಯುವ ದೊಡ್ಡ ತಳಿಯ ಮರಿಗಳಲ್ಲಿ ಕಣ್ಣು, ಬಾಯಿಯ ಸುತ್ತ ಚಕ್ಕೆ ಕಟ್ಟುವುದು, ಪಾದದ ಮೆತ್ತೆ ಬಿರಿಯುವುದು ಇದರಿಂದಲೇ ಇರಬಹುದು. ಹಸುವಿಗೆ ತಂದ ಖನಿಜ ಮಿಶ್ರಣ ಹಾಕಬೇಡಿ, ಅದರ ಲೆಕ್ಕ ಬೇರೆ. ಮೊಳಕೆ ಕಟ್ಟಿದ ರಾಗಿ ಹಿಟ್ಟಿನಲ್ಲಿ ಫೈಟೇಟ್ ಕಡಿಮೆ.

ಮುದ್ದೆ ಬಿಡಬೇಕಿಲ್ಲ, ಪಾಲು ಬದಲಾಗಬೇಕು. ಬೆಳೆದ 10 ಕಿಲೋ ನಾಯಿಗೆ ದಿನವೊಂದಕ್ಕೆ 60–70 ಗ್ರಾಂ ಹಿಟ್ಟಿನ ಮುದ್ದೆ, ಮೂಳೆ ತೆಗೆದ 150 ಗ್ರಾಂ ಕೋಳಿ, ಒಂದು ಮೊಟ್ಟೆ, ಒಂದು ಟೀ ಚಮಚ ಸೂರ್ಯಕಾಂತಿ ಎಣ್ಣೆ. ಇದನ್ನು ಎರಡು ಹೊತ್ತಿಗೆ ಹಂಚಿ. ವಾರಕ್ಕೊಮ್ಮೆ 30 ಗ್ರಾಂ ಕೋಳಿ ಈಲಿ (ಲಿವರ್) ಸಾಕು, ಅತಿಯಾದರೆ ಎ ವಿಟಮಿನ್ ವಿಷವಾಗುತ್ತದೆ. ಇಷ್ಟಾದರೂ ಮನೆ ಊಟದಲ್ಲಿ ಸತು, ಕ್ಯಾಲ್ಸಿಯಂ ಕೊರತೆ ಉಳಿಯುತ್ತದೆ. ನಾಯಿಗೆಂದೇ ಮಾಡಿದ ಖನಿಜ ಪುಡಿಯನ್ನು ಪಶುವೈದ್ಯರ ಹತ್ತಿರ ಬರೆಸಿಕೊಳ್ಳಿ.

ಎಣ್ಣೆಯನ್ನು ಕಾಲು ಚಮಚದಿಂದ ಶುರು ಮಾಡಿ ಹತ್ತು ದಿನದಲ್ಲಿ ಪೂರ್ತಿಗೆ ತನ್ನಿ, ಒಮ್ಮೆಗೇ ಹಾಕಿದರೆ ಭೇದಿ. ಚರ್ಮಕ್ಕೆ ಬೇಕಾದ ಲಿನೋಲಿಯಿಕ್ ಎಂಬ ಕೊಬ್ಬಿನ ಆಮ್ಲ ಸೂರ್ಯಕಾಂತಿಯಲ್ಲಿ ಹೇರಳ, ಕಡಲೆಕಾಯಿ ಎಣ್ಣೆಯಲ್ಲಿ ಅದರ ಅರ್ಧದಷ್ಟು, ಕೊಬ್ಬರಿ ಎಣ್ಣೆಯಲ್ಲಿ ತೀರ ಕಡಿಮೆ. ಬೋಂಡ ಕರಿದುಳಿದ ಎಣ್ಣೆ ಬೇಡವೇ ಬೇಡ. ಅಗಸೆ ಎಣ್ಣೆ ಮೀನಿನ ಎಣ್ಣೆಗೆ ಬದಲಿಯಲ್ಲ. ಅದರಲ್ಲಿರುವ ಒಮೆಗಾ-3 ಎಂಬ ಕೊಬ್ಬು ನಾಯಿಯ ಮೈಯಲ್ಲಿ ಮೀನಿನ ಎಣ್ಣೆಯಲ್ಲಿರುವ ರೂಪಕ್ಕೆ ಬದಲಾಗುವುದು ಅತ್ಯಲ್ಪ. ಬೂತಾಯಿ ಮೀನು ಸಿಕ್ಕರೆ ಬೇಯಿಸಿ ಮುಳ್ಳು ತೆಗೆದು ಕೊಡಿ.

ಮೊಟ್ಟೆಯನ್ನೂ ಬೇಯಿಸಿಯೇ ಹಾಕಿ. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಅಂಶ ಬಯೋಟಿನ್ ಎಂಬ ವಿಟಮಿನ್ ಮೈಗೆ ಸಿಗದಂತೆ ಮಾಡುತ್ತದೆ. ಮನೆಯ ಸಾರು ಬೆರೆಸಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ.

ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಮೂರು ವಾರ ಬೇಕು. ಹಾಗಾಗಿ ಹೊಟ್ಟು ತಿಂಗಳಲ್ಲಿ ಇಳಿದೀತು, ಕೂದಲಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಎಂಟು ದಿನಕ್ಕೇ ಕೈಬಿಟ್ಟು ಮತ್ತೆ ಬರೀ ಮುದ್ದೆಗೆ ಹೋಗುವವರೇ ಜಾಸ್ತಿ.

ಆದರೆ ಬಾಲದ ಬುಡದಲ್ಲೇ ಕೂದಲು ಹೋಗಿದ್ದರೆ ಮೊದಲು ಚಿಗಟ ಹುಡುಕಿ. ಕಿವಿ ಅಂಚು, ಮೊಣಕೈ ಕೆರೆದು ಕೆರೆದು ದಪ್ಪಗಾಗಿದ್ದರೆ ಅದು ಕಜ್ಜಿ ಹುಳುವಿನ ಕೆಲಸ ಇರಬಹುದು. ಅದಕ್ಕೆ ಊಟ ಮದ್ದಲ್ಲ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಲು ಪಶು ಆಸ್ಪತ್ರೆಗೇ ಕರೆದುಕೊಂಡು ಹೋಗಿ.